ಆಗುಂಬೆ ಪ್ರವಾಸ: ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೆ,

ನಮಸ್ಕಾರ. ಈ ಸಲದ ಪ್ರವಾಸ ಆಗುಂಬೆಗೆ ಎಂದು ಗೊತ್ತಾದ ಮೇಲೆ ನಿಮ್ಮಲ್ಲಿ ಹಲವರು ಗೇಟಿನ ಬಳಿ ಕೇಳಿದ್ದೀರಿ: "ಹಂಪಿ, ಮೈಸೂರು ಬಿಟ್ಟು ಕಾಡಿಗ್ಯಾಕೆ ಸಾರ್? ಹಾವು, ಜಿಗಣೆ ಬಿಟ್ರೆ ಅಲ್ಲೇನೈತೆ?" ಎಲ್ಲರಿಗೂ ಒಟ್ಟಿಗೇ ಉತ್ತರ ಬರೆಯುತ್ತಿದ್ದೇನೆ.

ಮಕ್ಕಳು ಈಗ ಉಷ್ಣವಲಯದ ಮಳೆಕಾಡಿನ ಪಾಠ ಓದುತ್ತಿದ್ದಾರೆ. ಸಮಭಾಜಕ ವೃತ್ತದ ಆಚೀಚೆ ಅಮೆಜಾನ್, ಕಾಂಗೋ, ಇಂಡೋನೇಷ್ಯಾ ಎಂದು ನಕಾಶೆಯಲ್ಲಿ ಸರಿಯಾಗಿ ಬೆರಳಿಡುತ್ತಾರೆ. ಅಂಥದೇ ಕಾಡು ನಮ್ಮ ರಾಜ್ಯದ ತೀರ್ಥಹಳ್ಳಿ ತಾಲ್ಲೂಕಿನಲ್ಲೂ ಇದೆ ಎಂದರೆ ಮಾತ್ರ ನಗುತ್ತಾರೆ.

ನಮ್ಮ ಚಳ್ಳಕೆರೆ ಸೀಮೆಯಲ್ಲಿ ವರ್ಷದ ಮಳೆ 500 ಮಿ.ಮೀ. ಮುಟ್ಟಿದರೆ ಒಳ್ಳೆಯ ವರ್ಷ ಅನ್ನುತ್ತೇವೆ. ಆಗುಂಬೆಯ ಸರಾಸರಿ 7,000 ಮಿ.ಮೀ.ಗೂ ಮೇಲು, 1946ರ ಆಗಸ್ಟ್ ಒಂದೇ ತಿಂಗಳಲ್ಲಿ 4,508 ಮಿ.ಮೀ. ಸುರಿದ ದಾಖಲೆಯಿದೆ. ಅಮೆಜಾನ್ ಕಾಡಿನ ನಡುವಿನ ಮನೌಸ್ ಪಟ್ಟಣಕ್ಕೇ ವರ್ಷಕ್ಕೆ 2,300ರ ಆಸುಪಾಸು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗಿ ಅಲ್ಲೇ ನೀರು ಇಳಿಸುತ್ತದೆ. ಘಟ್ಟ ದಾಟಿ ನಮ್ಮೂರಿಗೆ ಬರುವ ಹೊತ್ತಿಗೆ ಬರೀ ಗಾಳಿ. ನಮ್ಮ ಶೇಂಗಾ ಹೊಲ ಒಣಗುವುದಕ್ಕೂ ಅಲ್ಲಿ ಕಾಡು ಹಾಗೆ ಬೆಳೆಯುವುದಕ್ಕೂ ಕಾರಣ ಒಂದೇ ಬೆಟ್ಟಸಾಲು. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಿದ್ದೇವೆ. ಬಸ್ಸಿನ ಕಿಟಕಿಯಿಂದ ಜಾಲಿ ಮುಗಿದು ಅಡಿಕೆ ಶುರುವಾಗುವುದನ್ನು ನೋಡಿದರೆ ಬೇರೆಯೇ ರೀತಿ ತಲೆಗೆ ಹತ್ತುತ್ತದೆ.

ಒಂದು ವ್ಯತ್ಯಾಸವಿದೆ, ಪರೀಕ್ಷೆಗೂ ಬರಬಹುದು. ಸಮಭಾಜಕದ ಕಾಡಿಗೆ ಹೆಚ್ಚುಕಡಿಮೆ ವರ್ಷವಿಡೀ ಮಳೆ, ವರ್ಷವಿಡೀ ಸೆಕೆ. ಆಗುಂಬೆಗೆ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆಮೇಲೆ ತಿಂಗಳುಗಟ್ಟಲೆ ಒಣಹವೆ. ಆದರೂ ಕಾಡು ಎಲ್ಲ ಎಲೆಯನ್ನೂ ಒಮ್ಮೆಲೇ ಉದುರಿಸಿ ಬೋಳಾಗುವುದಿಲ್ಲ. ಮೇಲಿನ ಮರಗಳ ತಲೆ ಒಂದಕ್ಕೊಂದು ಕೂಡಿಕೊಂಡು ಕೆಳಗಿನ ತೇವವನ್ನು ಹಿಡಿದಿಟ್ಟಿರುತ್ತವೆ.

ಮಕ್ಕಳಿಗೆ ಎಲೆ ನೋಡಲು ಹೇಳಿದ್ದೇನೆ. ಅಲ್ಲಿನ ಎಷ್ಟೋ ಎಲೆಗಳ ತುದಿ ಉದ್ದಕ್ಕೆ ಚೂಪಾಗಿ ಇಳಿದಿರುತ್ತದೆ. ಮಳೆನೀರು ಎಲೆಯ ಮೇಲೆ ನಿಲ್ಲದೆ ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ; ನಿಂತರೆ ಪಾಚಿ ಕಟ್ಟಿ ಬಿಸಿಲು ತಾಗದು. ನಮ್ಮ ಜಾಲಿಯ ಚಿಕ್ಕ ಎಲೆ ನೀರು ಉಳಿಸಲು, ಅಲ್ಲಿಯ ಎಲೆ ನೀರು ಕಳೆಯಲು! ದೊಡ್ಡ ಮರಗಳ ಬೇರು ಬುಡದ ಸುತ್ತ ಹಲಗೆ ನಿಲ್ಲಿಸಿದಂತೆ ಎದ್ದಿರುತ್ತವೆ. ಇಷ್ಟು ಹಸಿರಿದ್ದ ಮೇಲೆ ಮಣ್ಣೂ ಫಲವತ್ತು ಎಂದು ರೈತರಾದ ನೀವು ಎಣಿಸಬಹುದು. ಹಾಗಿಲ್ಲ. ಅಷ್ಟು ಮಳೆಗೆ ಸಾರವೆಲ್ಲ ಕೊಚ್ಚಿಹೋಗಿರುತ್ತದೆ. ಬಿದ್ದ ಎಲೆ ಬೇಗ ಕೊಳೆತು, ಆ ಸಾರವನ್ನು ಮೇಲ್ಮಣ್ಣಿನಲ್ಲೇ ಹರಡಿದ ಬೇರುಗಳು ಹೀರಿಕೊಳ್ಳುವುದರಿಂದ ಕಾಡು ನಡೆಯುತ್ತದೆ. ಕಡಿದರೆ ಉಳಿಯುವುದು ಬಡ ಮಣ್ಣು.

ಹಾವಿನ ವಿಚಾರ. ಆಗುಂಬೆಯಲ್ಲಿ ಕಾಳಿಂಗ ಸರ್ಪ ಇರುವುದು ನಿಜ. ಅದರ ಅಧ್ಯಯನಕ್ಕೆಂದೇ ಹಾವು ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರ ಕಟ್ಟಿದರು. ಅದು ಮನುಷ್ಯರನ್ನು ಕಂಡರೆ ಸರಿದು ಹೋಗುವ ಪ್ರಾಣಿ. ಮಕ್ಕಳು ಸ್ಥಳೀಯ ಮಾರ್ಗದರ್ಶಿಯ ಹಿಂದೆ, ಹಗಲಿನಲ್ಲಿ, ಕಾಲುದಾರಿ ಬಿಡದೆ ನಡೆಯುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಪಡೆದಿದ್ದೇವೆ. ಇಂಬಳ, ಅಂದರೆ ಕಾಡಿನ ಜಿಗಣೆ, ಮಾತ್ರ ಹತ್ತಿಯೇ ಹತ್ತುತ್ತದೆ! ಉಪ್ಪು ತಾಗಿಸಿದರೆ ಬಿಡುತ್ತದೆ. ಸ್ವಲ್ಪ ರಕ್ತ ಸೋರಿದರೂ ಗಾಬರಿ ಬೇಡ. ಉದ್ದ ಸಾಕ್ಸ್, ಕೊಡೆ, ಒಂದು ಜೊತೆ ಹೆಚ್ಚಿನ ಬಟ್ಟೆ ಕಳಿಸಿ. ಹೊಸ ಶೂ ಬೇಡ.

ನವೆಂಬರ್ ಎರಡನೇ ಶನಿವಾರ ಬೆಳಿಗ್ಗೆ ಆರಕ್ಕೆ ಕೆಎಸ್‌ಆರ್‌ಟಿಸಿ ಬಸ್ ಶಾಲೆಯಿಂದ ಹೊರಡುತ್ತದೆ, ಭಾನುವಾರ ಸಂಜೆ ವಾಪಸ್. ತಲಾ 600 ರೂಪಾಯಿ. ಕಟ್ಟಲು ಕಷ್ಟವಾದವರು ಸಂಕೋಚಪಡದೆ ನನಗೆ ಹೇಳಿ. ಶಾಲಾ ಸಮಿತಿ (ಎಸ್‌ಡಿಎಂಸಿ) ನೋಡಿಕೊಳ್ಳುತ್ತದೆ, ಮಕ್ಕಳಿಗೆ ಗೊತ್ತಾಗುವುದಿಲ್ಲ. ಹೆಣ್ಣುಮಕ್ಕಳ ಜೊತೆ ಇಬ್ಬರು ಶಿಕ್ಷಕಿಯರಿರುತ್ತಾರೆ. ಉಬ್ಬಸ, ಅಲರ್ಜಿ ಇದ್ದರೆ ಒಪ್ಪಿಗೆ ಚೀಟಿಯ ಹಿಂದೆ ಬರೆದು, ಸಹಿ ಮಾಡಿ ಈ ಶುಕ್ರವಾರದೊಳಗೆ ಮಗುವಿನ ಕೈಲಿ ಕಳಿಸಿಕೊಡಿ.

ಇತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು