ಮಳೆಯಲ್ಲಿ ಮಿಸ್ ಹೊಡೆಯುವ ಟರ್ಬೊ ಲಾರಿಗಳ ಬಗ್ಗೆ ಸೂಚನೆ

ಸದಸ್ಯರೆಲ್ಲರಿಗೂ ನಮಸ್ಕಾರ. ಮಳೆ ಹಿಡಿದಾಗಿನಿಂದ ಇಂಜಿನ್ ಮಿಸ್ ಹೊಡೆಯುತ್ತಿದೆ (ಸರಾಗವಾಗಿ ಓಡದೆ ನಡುನಡುವೆ ತಡವರಿಸುತ್ತಿದೆ) ಎಂದು ಹಲವರು ಕೇಳಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮವು ಡೀಸೆಲ್ ಲಾರಿಗಳಾದ್ದರಿಂದ ಸ್ಪಾರ್ಕ್ ಪ್ಲಗ್ ಒದ್ದೆಯಾಗುವ ಮಾತೇ ಇಲ್ಲ. ಮೊದಲು ನೋಡಬೇಕಾದ್ದು ಇಂಧನಕ್ಕೆ ಸೇರಿದ ನೀರನ್ನು. ನೀರು ಡೀಸೆಲ್‌ಗಿಂತ ಭಾರವಾದ್ದರಿಂದ ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್‌ನ ತಳದಲ್ಲಿ ನಿಲ್ಲುತ್ತದೆ. ಇಂಜಿನ್ ಆರಿಸಿ, ತಳದ ತಿರುಪು ಸಡಿಲಿಸಿ, ಇಳಿದದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಅಲುಗಾಡಿಸದೆ ಇಟ್ಟರೆ ನೀರಿದ್ದಲ್ಲಿ ಎರಡು ಪದರ ಕಣ್ಣಿಗೇ ಕಾಣುತ್ತವೆ. ಟ್ಯಾಂಕ್ ಮುಚ್ಚಳದ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ.

ನೀರಿಲ್ಲದಿದ್ದರೆ ವೈರಿಂಗ್ ಕಡೆ ತಿರುಗಿ. ಮದ್ದೂರಿನಿಂದ ಕಬ್ಬು ತುಂಬಿ ಮಂಡ್ಯದತ್ತ ಬರುವಾಗ ನನ್ನ ಲಾರಿ ಮಳೆಯಲ್ಲಿ ಮಾತ್ರ ಎಳೆದೆಳೆದು ಓಡುತ್ತಿತ್ತು. ಒಂದು ಗ್ಯಾರೇಜಿನವರು ಇಂಜಿನ್ನಿಗೆ ಡೀಸೆಲ್ ಸಿಂಪಡಿಸುವ ನಾಲ್ಕೂ ಇಂಜೆಕ್ಟರ್ ಬದಲಿಸಬೇಕೆಂದರು. ಆದರೆ ಇಂಜಿನ್ನಿನ ಮುಖ್ಯ ದಂಡ ತಿರುಗುವುದನ್ನು ಅಳೆಯುವ ಕ್ರ್ಯಾಂಕ್ ಸೆನ್ಸರ್‌ನ ಕನೆಕ್ಟರ್ ಬಿಚ್ಚಿ ನೋಡಿದಾಗ ಒಂದು ಪಿನ್ ಹಸಿರು ಕಿಲುಬು ಹಿಡಿದು ಕುಳಿತಿತ್ತು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ಹೊಸ ಸೀಲ್ ಹಾಕಿದ ಮೇಲೆ ತೊಂದರೆ ಮರುಕಳಿಸಿಲ್ಲ. ಇಂಜಿನ್ನಿಗೆ ಪ್ರೆಶರ್ ವಾಷ್ ಮಾಡಿಸುವ ಚಟವೇ ಇದಕ್ಕೆ ಮೂಲ ಎಂಬುದು ನನ್ನ ಅನುಮಾನ.

ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಹೋಸ್ ಸೀಳಿದ್ದರೆ ಕಪ್ಪು ಹೊಗೆಯೂ ಎಳೆತದ ಕೊರತೆಯೂ ಬಿಸಿಲಿನಲ್ಲೂ ಇರುತ್ತವೆ. ಮಳೆಯಲ್ಲಷ್ಟೇ ಕಾಣಿಸಿದರೆ ಏರ್ ಫಿಲ್ಟರ್ ನೆನೆದಿದೆಯೇ ನೋಡಿ.

ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕಾಮನ್ ರೈಲ್ ಪೈಪಿನಲ್ಲಿ ಒತ್ತಡ 1,000 ಬಾರ್ ಮೀರುವುದರಿಂದ, ಇಂಜಿನ್ ಓಡುತ್ತಿರುವಾಗ ಅದರ ನಟ್ಟನ್ನು ಯಾರೂ ಸಡಿಲಿಸಬಾರದು. ಸಹಾಯ ಬೇಕಾದವರು ಸ್ಕ್ಯಾನರ್ (ದೋಷ ಪತ್ತೆ ಮಾಡುವ ಉಪಕರಣ) ತೋರಿಸಿದ ಕೋಡ್‌ನ ಫೋಟೊ ಇಲ್ಲಿ ಹಾಕಿ.