ಕ್ವಾರಿ ಗುಂಡಿಗೆ ಬರೀ ಬೋರ್ಡು ಸಾಕಾ?

ಸಂಪಾದಕರಿಗೆ ನಮಸ್ಕಾರ,

ನಮ್ಮ ಬೀದಿಯ ಹುಡುಗನೊಬ್ಬ ಆನ್‌ಲೈನ್‌ನಲ್ಲಿ ಪುಟ್ಟ ಸ್ಕೂಬಾ ಸಿಲಿಂಡರ್, ಅಂದರೆ ನೀರೊಳಗೆ ಉಸಿರಾಡೋಕೆ ಗಾಳಿ ತುಂಬಿದ ಸಿಲಿಂಡರ್, ತರಿಸಿದ್ದಾನೆ. "ಅಣ್ಣ, ಭಾನುವಾರ ಕ್ವಾರೀಲಿ ಟ್ರೈ ಮಾಡೋಣ ಬಾ" ಅಂದ. ಎದೆ ಧಸಕ್ಕೆಂದಿತು. ಹೋದ ಬೇಸಿಗೆಯಲ್ಲಿ ಅದೇ ಗುಂಡಿಯಲ್ಲಿ ಮುಳುಗಿದ ಹುಡುಗನನ್ನು ಎರಡು ದಿನ ಪಾತಾಳಗರಡಿ ಹಾಕಿ ಹುಡುಕಿದ್ದನ್ನು ನಾನು ದಡದಲ್ಲೇ ನಿಂತು ನೋಡಿದ್ದೇನೆ. ಅಲ್ಲಿ 'ಈಜಬಾರದು' ಅಂತ ಬೋರ್ಡಿದೆ. ಹುಡುಗರು ಅಂಗಿ ಬಿಚ್ಚಿ ಅದಕ್ಕೇ ನೇತುಹಾಕಿ ನೀರಿಗೆ ಹಾರುತ್ತಾರೆ!

ಕೆಲಸದ ಮೇಲೆ ಮೂರು ವರ್ಷ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದಾಗ ನಾನು ಡೈವಿಂಗ್ ಕ್ಲಬ್ ಸೇರಿದ್ದೆ. ಸ್ಕೂಬಾ ಅಂದರೆ ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ತರ, ಬಣ್ಣದ ಮೀನು, ಹವಳ ಅಂದುಕೊಂಡಿದ್ದ ನನ್ನನ್ನು ಅವರು ಕರೆದೊಯ್ದದ್ದು ಸ್ಟೋನಿ ಕೋವ್ ಅನ್ನೋ ಕಲ್ಲು ಕ್ವಾರಿಗೆ. 1958ರಲ್ಲಿ ಕೆಲಸ ನಿಂತಿತು, ಪಂಪು ನಿಂತಿತು, ಒರತೆ ನೀರು ತುಂಬಿತು. ನಮ್ಮ ಗುಂಡಿಗಳ ಕಥೆಯೇ. ಆಳ ಸುಮಾರು 35 ಮೀಟರ್. ಒಳಗೆ ಡೈವರ್‌ಗಳು ನೋಡಲಿ ಅಂತ ಬೇಕಂತಲೇ ಮುಳುಗಿಸಿದ ಹಳೇ ದೋಣಿಯೂ ಇದೆ. ನೀರು ಮಾತ್ರ ಐಸು, ಹಲ್ಲು ಕಟಕಟ.

ಆದರೆ ಅಲ್ಲಿನ ಶಿಸ್ತು ನೋಡಬೇಕು. ಒಬ್ಬೊಬ್ಬರೇ ಇಳಿಯುವಂತಿಲ್ಲ. ಜೊತೆಗಾರನ ಸಿಲಿಂಡರ್, ಬಾಯಿಗಿಡುವ ರೆಗ್ಯುಲೇಟರ್, ಬೆಲ್ಟು ಎಲ್ಲ ಮುಟ್ಟಿ ನೋಡಿ, ಎಷ್ಟು ಆಳ ಎಷ್ಟು ಹೊತ್ತು ಅಂತ ದಡದವರಿಗೆ ಬರೆಸಿ, ಆಮೇಲೇ ನೀರು. ನೀರಿನ ಒತ್ತಡದಿಂದಾಗಿ 10 ಮೀಟರ್ ಇಳಿದರೆ ಸಿಲಿಂಡರಿನ ಗಾಳಿಯ ಖರ್ಚು ಎರಡು ಪಟ್ಟು, 20ಕ್ಕೆ ಮೂರು ಪಟ್ಟು. ಗಾಬರಿಯಾಗಿ ಉಸಿರು ಬಿಗಿಹಿಡಿದು ಮೇಲೆ ಬಂದರೆ, ಮೂರು ಮೀಟರ್ ಆಳದಿಂದ ಬಂದರೂ ಸರಿ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶ ಹರಿಯಬಹುದು. ಆ ಪುಟ್ಟ ಸಿಲಿಂಡರ್ ಹುಡುಗನಿಗೆ ಇದನ್ನು ಯಾರು ಹೇಳಿದ್ದಾರೆ?

ಕೆರೆ ಬೇರೆ, ಕ್ವಾರಿ ಬೇರೆ. ಕೆರೆಗೆ ಇಳಿಜಾರಿದೆ, ಕಾಲು ಸಿಗುತ್ತದೆ. ಇಲ್ಲಿ ಗೋಡೆ ನೆಟ್ಟಗೆ. ಮೇಲಿನ ನೀರು ಬೆಚ್ಚಗಿದ್ದರೂ ಕೆಳಗೆ ಕೊರೆಯುತ್ತದೆ.

ಸಂಬಂಧಪಟ್ಟ ಇಲಾಖೆಯವರಿಗೆ ನನ್ನ ಕೇಳಿಕೆ ಇಷ್ಟೇ. ಮಿಕ್ಕ ಗುಂಡಿಗಳಿಗೆ ಗಟ್ಟಿ ಬೇಲಿ ಹಾಕಿ, ಒಂದನ್ನು ಮಾತ್ರ ತರಬೇತಿಯಾದವರ ಕ್ಲಬ್ಬಿಗೆ ಬಿಡಿ. ಅಗ್ನಿಶಾಮಕದವರೂ ಅಲ್ಲೇ ಮುಳುಗು ಅಭ್ಯಾಸ ಮಾಡಲಿ, ಪಾತಾಳಗರಡಿ ತಪ್ಪುತ್ತದೆ. ಅದಕ್ಕೂ ಮುಂಚೆ ನೀರಿನ ಪರೀಕ್ಷೆ ಆಗಬೇಕು, ಸಡಿಲ ಬಂಡೆ ಇಳಿಸಬೇಕು, ಸಿಡಿಮದ್ದು ಉಳಿದಿದೆಯಾ ನೋಡಬೇಕು. 2021ರಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತದ್ದು ನಮ್ಮ ಜಿಲ್ಲೆಯಲ್ಲೇ ಅಲ್ವಾ.

ಇನ್ನೊಂದು ಮಾತು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮೇಲೆ ಹೋದಷ್ಟೂ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸಮುದ್ರದ ಡೈವಿಂಗ್ ಲೆಕ್ಕ ಇಲ್ಲಿ ಹಾಗೇ ನಡೆಯುವುದಿಲ್ಲ. ಡೈವ್ ಮುಗಿಸಿ ನೇರ ಬೈಕಿನಲ್ಲಿ 1,478 ಮೀಟರಿನ ನಂದಿ ಬೆಟ್ಟ ಹತ್ತಿದರೆ ಮೈಯಲ್ಲಿ ಕರಗಿದ ಸಾರಜನಕ ಗುಳ್ಳೆ ಕಟ್ಟಬಹುದು. ನಮ್ಮವರು ಬಜ್ಜಿ ತಿನ್ನೋಕೆ ಮೊದಲು ಹೋಗುವುದೇ ಅಲ್ಲಿಗೆ!

ಆ ಹುಡುಗನ ಸಿಲಿಂಡರ್ ಸದ್ಯಕ್ಕೆ ಇಸ್ಕೊಂಡು ಬಂದಿದ್ದೇನೆ. ನಮ್ಮ ಅಟ್ಟದ ಮೇಲೆ, ನನ್ನ ಹಳೇ ಮಾಸ್ಕು ಫಿನ್ನುಗಳ ಪಕ್ಕ ಇದೆ. ಇಲಾಖೆಯವರು ಜಾಗ ತೋರಿಸಿದ ದಿನ ಎಲ್ಲ ಒಟ್ಟಿಗೇ ಇಳಿಸುತ್ತೇನೆ.

– ಒಬ್ಬ ಓದುಗ, ಚಿಕ್ಕಬಳ್ಳಾಪುರ