ಒಂದು ಊರು ಕಡಿಮೆ ಮಾಡಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಮೆಲ್ಬರ್ನ್‌ನಲ್ಲಿ ನಮ್ಮ ರಾಜ್ಯೋತ್ಸವ ಚೆನ್ನಾಗಿ ಆಯಿತು. ಇನ್ನೇನು ಮಕ್ಕಳಿಗೆ ಬೇಸಿಗೆ ರಜಾ ಶುರುವಾಗುತ್ತದೆ, ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬರುತ್ತಾರೆ. ಅವತ್ತು ಊಟದ ಸಾಲಿನಲ್ಲಿ ನಿಂತಿದ್ದಾಗ ಮೂರು ಮನೆಯವರು ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು. "ಕೇರ್ನ್ಸ್, ಗೋಲ್ಡ್ ಕೋಸ್ಟ್, ಸಿಡ್ನಿ ಮೂರೂ ತೋರಿಸಿಕೊಂಡು ಆರು ದಿನದಲ್ಲಿ ಮೆಲ್ಬರ್ನ್‌ಗೆ ವಾಪಸ್ ಬರಬಹುದಲ್ವಾ? ವಿಮಾನದಲ್ಲೇ ತಾನೆ ಓಡಾಡೋದು?"

ಕೆಲವು ವರ್ಷದ ಹಿಂದೆ ಜನವರಿಯಲ್ಲಿ ನಾನೂ ಹೀಗೇ ಲೆಕ್ಕ ಹಾಕಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟಿದ್ದೆ. ಕೇರ್ನ್ಸ್‌ನಲ್ಲಿ ಎರಡು ರಾತ್ರಿ, ಗೋಲ್ಡ್ ಕೋಸ್ಟ್‌ನಲ್ಲಿ ಒಂದು, ಸಿಡ್ನಿಯಲ್ಲಿ ಎರಡು. ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಇತ್ತು. ಆದರೆ ಗೋಲ್ಡ್ ಕೋಸ್ಟ್ ಅಂದರೆ ಅಮ್ಮನಿಗೆ ಇವತ್ತಿಗೂ ನೆನಪಿರುವುದು ಏರ್‌ಪೋರ್ಟಿನ ಕಬ್ಬಿಣದ ಕುರ್ಚಿ. ಅದರ ಕಥೆ ಹೇಳುತ್ತೇನೆ.

ಸಿಡ್ನಿಗೆ ನಮ್ಮ ವಿಮಾನ ರಾತ್ರಿ 8 ಗಂಟೆ ಚಿಲ್ಲರೆಗೆ. ಇಡೀ ದಿನ ಬೀಚಿನಲ್ಲಿ ಕಳೆದು ಕತ್ತಲಾದ ಮೇಲೆ ಹಾರೋಣ, ಒಂದು ದಿನ ಉಳಿಯುತ್ತದೆ ಅಂತ ನನ್ನ ಯೋಚನೆ. ಮೊದಲು ಅರ್ಧ ಗಂಟೆ ತಡ ಅಂದರು. ಆಮೇಲೆ ಇನ್ನೊಂದು ಗಂಟೆ. ಗೋಡೆಯ ಗಡಿಯಾರದಲ್ಲಿ ಆಗ 9 ಗಂಟೆ ಆಗಿತ್ತು. ಸಿಡ್ನಿಯಲ್ಲಿ ಆಗಲೇ 10. ಗೋಲ್ಡ್ ಕೋಸ್ಟ್ ಇರುವ ಕ್ವೀನ್ಸ್‌ಲ್ಯಾಂಡಿನವರು ಬೇಸಿಗೆಯಲ್ಲಿ ಗಡಿಯಾರ ಮುಂದಿಡುವುದಿಲ್ಲ, ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನವರೂ ನಾವೂ ಇಡುತ್ತೇವೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಎರಡು ರಾಜ್ಯಗಳ ನಡುವೆ ಒಂದು ಗಂಟೆ ಅಂತರ. ಗೋಲ್ಡ್ ಕೋಸ್ಟಿನ ಏರ್‌ಪೋರ್ಟ್ ಇರುವುದು ಕೂಲಂಗಾಟದಲ್ಲಿ, ಅದರ ರನ್‌ವೇ ಎರಡು ರಾಜ್ಯಗಳ ಗಡಿಯನ್ನೇ ದಾಟುತ್ತದೆ. ಹಾರಾಟ ಒಂದು ಗಂಟೆ 20 ನಿಮಿಷ. ಸಿಡ್ನಿಯಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 6ರವರೆಗೆ ಪ್ರಯಾಣಿಕರ ವಿಮಾನ ಇಳಿಯುವಂತಿಲ್ಲ. ಏರ್‌ಪೋರ್ಟಿನ ಸುತ್ತ ಮನೆಗಳು, ಜನ ಮಲಗಬೇಕು, ಅದಕ್ಕೆ 1995ರಲ್ಲಿ ಕಾನೂನೇ ಆಗಿದೆ. 9 ಗಂಟೆ 40 ಆಗುತ್ತಿದ್ದ ಹಾಗೆ ವಿಮಾನ ರದ್ದು ಅಂದುಬಿಟ್ಟರು. ಅಪ್ಪ ಚೀಲವನ್ನು ತಲೆಗಿಟ್ಟುಕೊಂಡು ಒರಗಿದರು. ಅಮ್ಮನ ಪಾದ ಊದಿತ್ತು, ಚಪ್ಪಲಿ ಬಿಚ್ಚಿ ಸೂಟ್‌ಕೇಸಿನ ಮೇಲೆ ಕಾಲು ಚಾಚಿ ಕೂತಿದ್ದರು. ನಡುರಾತ್ರಿ ಎಲ್ಲೋ ಒಂದು ರೂಮು ಸಿಕ್ಕಿತು. ಮಾರನೇ ದಿನ ಸಿಡ್ನಿ ತಲುಪಿದಾಗ ಮಧ್ಯಾಹ್ನ.

ಅದಕ್ಕೇ ನನ್ನ ಮೊದಲ ಮಾತು: ಸಿಡ್ನಿಗೆ ಹೋಗುವ ಕೊನೆಯ ವಿಮಾನ ಬೇಡ. ಬೆಳಿಗ್ಗೆಯ ವಿಮಾನ ತಗೊಳ್ಳಿ. ಬೆಳಿಗ್ಗೆಯದು ರದ್ದಾದರೆ ಅದೇ ದಿನ ಮುಂದೆ ಇನ್ನೊಂದು ಇರುತ್ತದೆ.

ಎರಡನೆಯದು ಗಂಟೆಗಳ ಲೆಕ್ಕ. ಟಿಕೆಟ್‌ನಲ್ಲಿ ಒಂದೂವರೆ ಗಂಟೆ ಅಂತ ಇರುತ್ತದೆ ನಿಜ. ರೂಮು ಖಾಲಿ ಮಾಡುವುದು, ಏರ್‌ಪೋರ್ಟಿಗೆ ಹೋಗುವುದು, ಲಗೇಜ್ ಕೊಡುವುದು, ಇಳಿದು ಲಗೇಜಿಗೆ ಕಾಯುವುದು, ಮತ್ತೆ ಬಸ್ಸೋ ಟ್ಯಾಕ್ಸಿಯೋ, ರೂಮು ಸಿಗುವವರೆಗೆ ಲಾಬಿಯಲ್ಲಿ ಕೂರುವುದು. ಬಾಗಿಲಿಂದ ಬಾಗಿಲಿಗೆ ಐದಾರು ಗಂಟೆ ಹೋಗಿಯೇ ಹೋಗುತ್ತದೆ. ಒಂದೊಂದು ವಿಮಾನಕ್ಕೆ ಅರ್ಧ ದಿನ ಅಂತ ತೆಗೆದಿಡಿ. ನಮ್ಮ ಆರು ದಿನದಲ್ಲಿ ನಾಲ್ಕು ವಿಮಾನ ಇತ್ತು. ಎರಡು ದಿನ ಅಲ್ಲೇ ಹೋಯಿತು.

ಟಿಕೆಟ್ ಅಗ್ಗ ಅಂತ ಕಂಡರೆ ಏರ್‌ಪೋರ್ಟ್ ಯಾವುದು ಅಂತ ನೋಡಿಯೇ ಒತ್ತಿ. ನಮ್ಮ ಊರಿಗೆ ಟುಲ್ಲಮರೀನ್ ಇದೆ, ಜಿಲಾಂಗ್ ಹತ್ತಿರ ಅವಲಾನ್ ಇದೆ. ಎರಡಕ್ಕೂ ಮೆಲ್ಬರ್ನ್ ಅಂತಲೇ ಹೆಸರು ಹಾಕಿರುತ್ತಾರೆ. ಇನ್ನು ಅಗ್ಗದ ವಿಮಾನಗಳಲ್ಲಿ ಕೈಚೀಲ ಸಾಮಾನ್ಯವಾಗಿ 7 ಕಿಲೋ, ಗೇಟಿನಲ್ಲಿ ತೂಗುತ್ತಾರೆ. ಅಮ್ಮನ ಚೀಲದಲ್ಲಿ ಚಟ್ನಿಪುಡಿ, ಅವಲಕ್ಕಿ, ಬಿಪಿ ಮಾತ್ರೆ, ಒಂದು ಸ್ಟೀಲ್ ಲೋಟ. ಒಟ್ಟು 8 ಕಿಲೋ. ಕೊನೆಗೆ ಅಪ್ಪ ಕೋಟಿನ ಜೇಬಿಗೆ ಚಟ್ನಿಪುಡಿ ಡಬ್ಬಿ ಸೇರಿಸಿಕೊಂಡರು. ಮನೆಯಲ್ಲೇ ತೂಗಿಕೊಂಡು ಹೊರಟರೆ ಹಿರಿಯರನ್ನು ಸಾಲಿನ ಮಧ್ಯೆ ಚೀಲ ಬಿಚ್ಚಿಸುವ ಸಂಕಟ ತಪ್ಪುತ್ತದೆ. ಮಂಡಿ ನೋವಿದ್ದರೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಕೇಳಿ. ಸಂಕೋಚ ಬೇಡ.

ಕೇರ್ನ್ಸ್ ವಿಷಯ ಸ್ವಲ್ಪ ಉದ್ದವಾಗಿಯೇ ಬರೆಯಬೇಕು, ಯಾಕೆಂದರೆ ಜಾಸ್ತಿ ತಪ್ಪು ಮಾಡಿದ್ದು ಅಲ್ಲೇ. ಗ್ರೇಟ್ ಬ್ಯಾರಿಯರ್ ರೀಫ್ 2300 ಕಿಲೋಮೀಟರ್ ಉದ್ದದ ಹವಳದ ಸಾಲು. ಊರಲ್ಲಿ ನಿಂತರೆ ಅದು ಕಾಣುವುದಿಲ್ಲ. ಪಟ್ಟಣದ ಮುಂದೆ ಇರುವುದು ಕೆಸರು ದಂಡೆ. ಅದಕ್ಕೇ ಅಲ್ಲಿ ಜನಕ್ಕೆ ಈಜಲು ಲಗೂನ್ ಅಂತ ಒಂದು ಕೊಳ ಕಟ್ಟಿದ್ದಾರೆ. ರೀಫ್ ನೋಡಲು ಬೆಳಿಗ್ಗೆ ಬೋಟ್ ಹತ್ತಬೇಕು, ವಾಪಸ್ ಬರುವಾಗ ಸಂಜೆ. ನಾವು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಮಗ ಡೈವ್ ಮಾಡಬೇಕು ಅಂತ ಆರು ತಿಂಗಳಿಂದ ಕಾಯುತ್ತಿದ್ದ. ಬೋಟಿನ ಹುಡುಗಿ ಫಾರಂ ನೋಡಿ "ನಿಮ್ಮ ಫ್ಲೈಟ್ ಯಾವಾಗ?" ಅಂದಳು. ನಾಳೆ ಬೆಳಗಿನ ಜಾವ ಅಂದೆ. "ಹಾಗಾದರೆ ಡೈವ್ ಆಗಲ್ಲ" ಅಂದಳು. ನೀರಿನ ಆಳದಲ್ಲಿ ಉಸಿರಾಡಿದಾಗ ನೈಟ್ರೋಜನ್ ಮೈಯಲ್ಲಿ ಕರಗಿ ಸೇರಿಕೊಳ್ಳುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರೊಳಗೆ ವಿಮಾನ ಹತ್ತಿದರೆ, ಒಳಗೆ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅದು ಗುಳ್ಳೆಯಾಗಿ ಕೀಲಿಗೋ ನರಕ್ಕೋ ತೊಂದರೆ ಕೊಡಬಹುದು. 18 ಗಂಟೆಯಾದರೂ ಬಿಡಬೇಕು ಅನ್ನುತ್ತಾರೆ, 24 ಬಿಟ್ಟರೆ ಇನ್ನೂ ಒಳ್ಳೆಯದು. ನೀರಿನ ಮೇಲೆಯೇ ತೇಲುತ್ತ ಕೊಳವೆಯಲ್ಲಿ ಉಸಿರಾಡುವ ಸ್ನಾರ್ಕೆಲ್‌ಗೆ ಈ ತಾಪತ್ರಯ ಇಲ್ಲ. ಮಗ ಸ್ನಾರ್ಕೆಲ್ ಮಾಡಿದ, ಆದರೆ ಅವನ ಮುಖ ನೋಡಲು ಆಗಲಿಲ್ಲ. ಕೇರ್ನ್ಸ್‌ಗೆ ಇನ್ನೊಂದು ದಿನ ಕೊಟ್ಟು, ರೀಫ್ ಅನ್ನು ಮೊದಲು ಇಟ್ಟುಕೊಂಡು, ಕೊನೆಯ ದಿನ ಕುರಾಂಡಾ ಬೆಟ್ಟದ ರೈಲಿಗೆ ಇಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. 1891ರಲ್ಲಿ ಶುರುವಾದ ರೈಲು ಅದು.

ಅಮ್ಮ ನೀರಿಗಿಳಿಯಲಿಲ್ಲ. ಗಾಜಿನ ತಳದ ದೋಣಿಯಲ್ಲಿ ಕೂತು ಕೆಳಗೆ ನೋಡುತ್ತಿದ್ದರು. ನೀಲಿ ಮೀನಿನ ಗುಂಪೊಂದು ಕಾಲ ಕೆಳಗೆ ಹಾದುಹೋದಾಗ ಥಟ್ಟನೆ ಪಾದ ಮೇಲೆತ್ತಿಕೊಂಡರು, ಮೆಟ್ಟಿಬಿಡುತ್ತೇನೇನೋ ಅಂತ. ಆ ಒಂದು ಗಳಿಗೆಗೆ ಕೇರ್ನ್ಸ್‌ವರೆಗೆ ಹೋಗಿದ್ದು ಸಾರ್ಥಕ ಅನ್ನಿಸಿತು. ಆದರೆ ಜನವರಿಯಲ್ಲಿ ಹೋಗಬಾರದಿತ್ತು. ಅಲ್ಲಿ ಆಗ ಮಳೆಗಾಲ, ಚಂಡಮಾರುತದ ಕಾಲ. ನವೆಂಬರ್‌ನಿಂದ ಮೇವರೆಗೆ ವಿಷದ ಜೆಲ್ಲಿ ಮೀನುಗಳ ಕಾಟ. ಮೈಪೂರ್ತಿ ಮುಚ್ಚುವ ಉಡುಪು ಹಾಕದೆ ನೀರಿಗಿಳಿಯುವ ಹಾಗಿಲ್ಲ. ಸಮುದ್ರ ಒಂದೇ ಆದರೂ ತೆಂಕಲ ತುದಿಯ ಹವೆ ಬೇರೆ, ಕೇರ್ನ್ಸ್ ಇರುವ ಬಡಗಲ ತುದಿಯ ಹವೆ ಬೇರೆ. ಡಿಸೆಂಬರ್ ಜನವರಿಯಲ್ಲಿ ಸಿಡ್ನಿ, ಬೇಕಿದ್ದರೆ ಗೋಲ್ಡ್ ಕೋಸ್ಟ್ ನೋಡಿ. ಕೇರ್ನ್ಸ್ ಅನ್ನು ಜುಲೈ ರಜೆಗೆ ಬಿಡಿ. ಆಗ ನಮಗಿಲ್ಲಿ ಚಳಿ, ಅಲ್ಲಿ ಹದವಾದ ಬಿಸಿಲು.

ಬೆಂಗಳೂರಿನಿಂದ ಬರುವವರಿಗೆ ಒಂದು ಉಪಾಯ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಸಿಡ್ನಿ ನೇರ ವಿಮಾನ ಶುರುವಾಯಿತು. ಅಪ್ಪ ಅಮ್ಮ ಸಿಡ್ನಿಗೇ ಬಂದಿಳಿಯಲಿ. ನೀವು ಮೆಲ್ಬರ್ನ್‌ನಿಂದ ಹೋಗಿ ಎದುರುಗೊಳ್ಳಿ. ಅಲ್ಲೇ ನಾಲ್ಕು ದಿನ ಇದ್ದು, ಊರು ತೋರಿಸಿ, ಮನೆಗೆ ಕರೆತನ್ನಿ. ಅವರಿಗೆ ಮತ್ತೊಂದು ಸಲ ಸಿಡ್ನಿಗೆ ಹೋಗಿಬರುವ ವಿಮಾನ ಉಳಿಯಿತು. ಮೊದಲ ದಿನ ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಬೇಡಿ. ಐದೂವರೆ ಗಂಟೆ ಮುಂದೆ ಹಾರಿ ಬಂದಿರುತ್ತಾರೆ, ನಿದ್ದೆ ಮಾಡಲಿ. ಒಳವಿಮಾನಕ್ಕೆ ಬೇರೆ ಟಿಕೆಟ್ ಮಾಡಿದ್ದರೆ ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ಮೊದಲನೆಯದು ತಡವಾದರೆ ಎರಡನೆಯವರು ಕಾಯುವುದಿಲ್ಲ, ದುಡ್ಡೂ ಕೊಡುವುದಿಲ್ಲ. ಸಿಡ್ನಿಯಲ್ಲಿ ಹೊರದೇಶದ ಟರ್ಮಿನಲ್ಲೂ ಒಳನಾಡಿನ ಟರ್ಮಿನಲ್ಲೂ ಬೇರೆ ಬೇರೆ ಕಡೆ ಇವೆ, ನಡೆದು ಹೋಗುವಷ್ಟು ಹತ್ತಿರ ಇಲ್ಲ.

ಇದೊಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಅವಸರದಲ್ಲಿ ಬೀಚಿಗೆ ಹೋದಾಗಲೇ ಜನ ಕಾರಿನ ಹತ್ತಿರದ ಜಾಗದಲ್ಲಿ ನೀರಿಗಿಳಿಯುವುದು. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಅಲೆ ಏಳದೆ ನೀರು ಸುಮ್ಮನೆ ಇರುವ ಹಾಗೆ ಕಾಣುವ ಕಡೆಯೇ ಎಷ್ಟೋ ಸಲ ಒಳಗೆಳೆಯುವ ಸೆಳೆತ ಇರುತ್ತದೆ. ನಮ್ಮಲ್ಲಿ ತುಂಬ ಜನಕ್ಕೆ ಈಜು ಬರುವುದಿಲ್ಲ. ಬಾವುಟ ಇಲ್ಲದಿದ್ದರೆ ಮರಳಿನಲ್ಲೇ ಆಡಿ ಬನ್ನಿ.

ನಮ್ಮ ಆ ಪ್ರವಾಸದಲ್ಲಿ ಸಿಡ್ನಿಗೆ ಉಳಿದಿದ್ದು ಒಂದೂವರೆ ದಿನ. ಒಪೆರಾ ಹೌಸ್ ಮುಂದೆ ಫೋಟೋ ಆಯಿತು. ಆಮೇಲೆ ಸರ್ಕ್ಯುಲರ್ ಕೀಯಿಂದ ಮ್ಯಾನ್ಲಿಗೆ ಹೋಗುವ ಫೆರ್ರಿ ಹತ್ತಿದೆವು, ಅರ್ಧ ಗಂಟೆಯ ದಾರಿ. ಅಪ್ಪ ಹೊರಗಿನ ಬೆಂಚಿನ ಮೇಲೆ ಕೂತರು. ತುಮಕೂರು ಕಡೆಯವರು, ಕಡಲು ನೋಡಿದ್ದೇ ಕಡಿಮೆ. ಬಂದರಿನ ಬಾಯಿ ಹಾಯುವಾಗ ಹೊರಗಿನ ದೊಡ್ಡ ಅಲೆಗೆ ಫೆರ್ರಿ ತೂಗಿತು, ಅಪ್ಪನ ಮುಖದ ಮೇಲೆ ನೀರು ಸಿಡಿಯಿತು. ಒರೆಸಿಕೊಳ್ಳಲೇ ಇಲ್ಲ. ಮ್ಯಾನ್ಲಿಯಲ್ಲಿ ಇಳಿದ ಮೇಲೆ, "ಇನ್ನೊಂದು ಸಲ ಹೋಗಿ ಬರೋಣವಾ?" ಅಂದರು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಟೈಮ್ ಇಲ್ಲ ಅಪ್ಪಾ ಅಂದೆ.

ಈ ಜನವರಿಯಲ್ಲಿ ಅಪ್ಪ ಅಮ್ಮ ಮತ್ತೆ ಬರುತ್ತಿದ್ದಾರೆ. ಸಿಡ್ನಿಗೇ ಬಂದಿಳಿಯುತ್ತಾರೆ, ಐದು ರಾತ್ರಿ ಅಲ್ಲೇ. ಒಂದು ಇಡೀ ದಿನಕ್ಕೆ ಫೆರ್ರಿ ಬಿಟ್ಟು ಬೇರೆ ಏನನ್ನೂ ಹಾಕಿಲ್ಲ. ಗೋಲ್ಡ್ ಕೋಸ್ಟ್ ಈ ಸಲ ಇಲ್ಲ. ನಿಮ್ಮ ಪ್ಲ್ಯಾನ್ ಇನ್ನೂ ಗಟ್ಟಿಯಾಗಿಲ್ಲ ಅಂದರೆ ಭಾನುವಾರ ಕನ್ನಡ ಶಾಲೆ ಬಿಡುವ ಹೊತ್ತಿಗೆ ಸಿಗಿ. ದಿನಾಂಕ ಬರೆದ ಹಾಳೆ ತನ್ನಿ, ಕೂತು ನೋಡೋಣ.